ಝೆನ್ ಅಭ್ಯಾಸದಲ್ಲಿ ಗುರಿ ಇದೆಯೇ, ಪ್ರಗತಿ ಇದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತಮ್ಮ ತಮ್ಮ ಮನೆಯಲ್ಲೇ ಝೆನ್ ಎಂಬ ಬೌದ್ಧ ಪದ್ಧತಿಯಂತೆ ಧ್ಯಾನಕ್ಕೆ ಕೂರುವವರಿಗಾಗಿ ಬರೆದ ಪುಟ ಇದು. ಭಂಗಿ, ಸಮಯ, ಉಸಿರು ಎಂದು ಶುರುವಾಗುವ ಪ್ರಶ್ನೆಗಳೆಲ್ಲ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ಇಷ್ಟು ದಿನ ಕೂತಿದ್ದೇನೆ, ಎಲ್ಲಿಗೆ ಬಂದೆ? ಹಾಗಾಗಿ ಅಲ್ಲಿಂದಲೇ ಶುರುಮಾಡಿದ್ದೇವೆ.

ಗುರಿ ಇದೆಯೋ ಇಲ್ಲವೋ, ನೇರವಾಗಿ ಹೇಳಿ.

ಇದೆ. ಆದರೆ ಕೂತ ಹೊತ್ತಿನಲ್ಲಿ ಅದನ್ನು ಕೆಳಗಿಡಬೇಕು. ಬೆಳಿಗ್ಗೆ ಐದೂವರೆಗೆ ಏಳುವುದು, ದಿನಕ್ಕೆ ಎಷ್ಟು ನಿಮಿಷ ಎಂದು ನಿಶ್ಚಯಿಸುವುದು, ವರ್ಷಕ್ಕೊಮ್ಮೆಯಾದರೂ ಗುರುವಿನ ಹತ್ತಿರ ಹೋಗಿಬರುವುದು, ಇವೆಲ್ಲ ಗುರಿಯಿಲ್ಲದೆ ನಡೆಯುವ ಕೆಲಸವಲ್ಲ. ಗಂಟೆ ಹೊಡೆದು ಕೂತ ಮೇಲೆ ಮಾತ್ರ, ಈ ಉಸಿರನ್ನು ಮುಂದಿನ ಯಾವುದಕ್ಕೋ ಬಂಡವಾಳ ಮಾಡಿಕೊಳ್ಳುವ ಹಾಗಿಲ್ಲ.

ಇದು ಮಾತಿನ ಚಮತ್ಕಾರ ಅಲ್ಲ. ಝೆನ್ ಮಠಗಳಲ್ಲಿ ನಿತ್ಯ ಪಠಿಸುವ ಪ್ರಜ್ಞಾಪಾರಮಿತಾ ಹೃದಯಸೂತ್ರದಲ್ಲೇ ಎರಡೂ ಇದೆ. "ನ ಜ್ಞಾನಂ ನ ಪ್ರಾಪ್ತಿಃ", ಅಂದರೆ ಅರಿವೂ ಇಲ್ಲ, ಪಡೆಯುವುದೂ ಇಲ್ಲ ಎನ್ನುತ್ತದೆ. ಕೆಲವೇ ಸಾಲು ಮುಂದೆ, ಮೂರು ಕಾಲದ ಬುದ್ಧರೂ ಇದೇ ಪ್ರಜ್ಞೆಯನ್ನು ಆಶ್ರಯಿಸಿ ಸಮ್ಯಕ್ ಸಂಬೋಧಿಗೆ, ಅಂದರೆ ಪೂರ್ಣ ಅರಿವಿಗೆ, ಎಚ್ಚೆತ್ತರು ಎನ್ನುತ್ತದೆ. ಎರಡನ್ನೂ ಜೋಡಿಸುವ ಪದ "ಅಪ್ರಾಪ್ತಿತ್ವಾತ್": ಪಡೆಯುವುದು ಏನೂ ಇಲ್ಲದ್ದರಿಂದಲೇ. ಸಂಸ್ಕೃತ ಸ್ವಲ್ಪ ಬರುವ ನಮ್ಮ ಕಡೆಯವರಿಗೆ ಈ ಪಂಚಮೀ ವಿಭಕ್ತಿಯ ತೂಕ ತಟ್ಟನೆ ತಿಳಿಯುತ್ತದೆ. ಮೂಲದ ಪದವನ್ನೇ ಕೈಯಲ್ಲಿ ಹಿಡಿದು ನೋಡುವುದು ದೊಡ್ಡ ಅನುಕೂಲ.

ಝೆನ್‌ನವರು ಹೇಳುವ ನಾಲ್ಕು ಪ್ರತಿಜ್ಞೆಗಳನ್ನೂ ನೋಡಿ. ಜೀವಿಗಳು ಲೆಕ್ಕವಿಲ್ಲದಷ್ಟು, ಎಲ್ಲರನ್ನೂ ದಾಟಿಸುತ್ತೇನೆ. ಕ್ಲೇಶಗಳಿಗೆ ಕೊನೆಯಿಲ್ಲ, ಎಲ್ಲವನ್ನೂ ಕಡಿಯುತ್ತೇನೆ. ಧರ್ಮದ ಬಾಗಿಲುಗಳು ಅಳತೆಗೆ ಸಿಗವು, ಎಲ್ಲವನ್ನೂ ಕಲಿಯುತ್ತೇನೆ. ಬುದ್ಧಮಾರ್ಗಕ್ಕಿಂತ ಮಿಗಿಲಿಲ್ಲ, ಅದನ್ನು ಸಾಧಿಸುತ್ತೇನೆ. ಮುಗಿಯದ ಕೆಲಸ ಎಂದು ಮೊದಲೇ ಒಪ್ಪಿಕೊಂಡು, ಆಮೇಲೆ ಮಾಡುತ್ತೇನೆ ಅನ್ನುವ ಸಂಕಲ್ಪ. ಇದು ದಿಕ್ಕು ತೋರಿಸುತ್ತದೆ, ತಲುಪುವ ಊರಿನ ಹೆಸರು ಹೇಳುವುದಿಲ್ಲ.

ಪಡೆಯುವುದು ಏನೂ ಇಲ್ಲ ಅಂದಮೇಲೆ ಕೂರುವುದಾದರೂ ಯಾಕೆ?

ಎಂಟನೇ ಶತಮಾನದ ಚೀನಾದಲ್ಲಿ ಮಾಝು (709–788) ಎಂಬ ಭಿಕ್ಷು ದಿನವಿಡೀ ಧ್ಯಾನಕ್ಕೆ ಕೂರುತ್ತಿದ್ದರು. ಗುರು ನಾನ್‌ಯುವೆ ಬಂದು, ಯಾತಕ್ಕೆ ಕೂತಿದ್ದೀಯ ಎಂದು ಕೇಳಿದರು. ಬುದ್ಧನಾಗಲಿಕ್ಕೆ ಎಂದರು ಮಾಝು. ಗುರು ಒಂದು ಹೆಂಚು ತಗೊಂಡು ಅಲ್ಲೇ ಉಜ್ಜತೊಡಗಿದರು. ಏನು ಮಾಡುತ್ತಿದ್ದೀರಿ? ಕನ್ನಡಿ ಮಾಡುತ್ತಿದ್ದೇನೆ. ಹೆಂಚು ಉಜ್ಜಿದರೆ ಕನ್ನಡಿ ಆಗುತ್ತದೆಯೇ? ಕೂತರೆ ಬುದ್ಧನಾಗುತ್ತಾರೆಯೇ? ಆಮೇಲೆ ಗುರು ಇನ್ನೊಂದು ಕೇಳಿದರು: ಗಾಡಿ ಹೋಗದಿದ್ದರೆ ಗಾಡಿಗೆ ಹೊಡೆಯುತ್ತೀಯೋ, ಎತ್ತಿಗೆ ಹೊಡೆಯುತ್ತೀಯೋ?

ಈ ಕಥೆ ಕೇಳಿದವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಹಾಗಾದರೆ ಕೂರುವುದೇ ದಂಡ ಎಂದು ಎದ್ದುಬಿಡುತ್ತಾರೆ. ಅದು ತಪ್ಪು. ಜಪಾನಿನಲ್ಲಿ ಝೆನ್‌ನ ಸೋಟೊ ಪಂಥವನ್ನು ನೆಲೆಗೊಳಿಸಿದ ದೋಗೆನ್ (1200–1253) ಇದೇ ಕಥೆಯನ್ನು ಓದಿ, ಉಜ್ಜುವುದನ್ನು ಬಿಡು ಎನ್ನಲಿಲ್ಲ, ಉಜ್ಜುವುದನ್ನೇ ಎತ್ತಿಹಿಡಿದರು. ಎಲ್ಲರಲ್ಲೂ ಬುದ್ಧಸ್ವಭಾವ ಮೊದಲೇ ಇದ್ದರೆ ಸಾಧನೆ ಯಾಕೆ ಬೇಕು ಎಂಬ ಪ್ರಶ್ನೆ ಎಳೆಯ ವಯಸ್ಸಿನಲ್ಲೇ ಅವರನ್ನು ಕಾಡಿತ್ತು. ಅದನ್ನು ಹೊತ್ತುಕೊಂಡೇ 1223ರಲ್ಲಿ ಚೀನಾಕ್ಕೆ ಹೋದರು, 1227ರಲ್ಲಿ ಮರಳಿದರು. ಅವರ ಉತ್ತರ: ಸಾಧನೆ ಬೇರೆ, ಸಾಕ್ಷಾತ್ಕಾರ ಬೇರೆ ಅಲ್ಲ. ಮೊದಲ ದಿನ ಕೂತವರ ಕೂರುವಿಕೆಯೂ ಪೂರ್ತಿ ಸಾಕ್ಷಾತ್ಕಾರವೇ. ಕೂರುವ ಕ್ರಮದ ಬಗ್ಗೆ ಅವರು ಬರೆದ ಚಿಕ್ಕ ಬರಹದಲ್ಲಿ, ಬುದ್ಧನಾಗುವ ಹವಣಿಕೆಯೂ ಬೇಡ ಎಂಬ ಸೂಚನೆ ಸ್ಪಷ್ಟವಾಗಿದೆ.

ತತ್ತ್ವ ಬದಿಗಿಟ್ಟು ನೋಡಿದರೂ ಇದಕ್ಕೆ ಕಾರಣ ಇದೆ. ಏನೋ ಸಿಗಲಿ ಎಂದು ಕೂತಾಗ ಗಮನ ಎರಡು ಪಾಲಾಗುತ್ತದೆ. ಒಬ್ಬ ಉಸಿರಾಡುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ನಿಂತು ಮೇಸ್ತ್ರಿ ಹಾಗೆ ಕೆಲಸ ನೋಡುತ್ತಾನೆ: ಈಗ ಶಾಂತ ಆಯಿತಾ? ನಿನ್ನೆಗಿಂತ ಚೆನ್ನಾಗಿದೆಯಾ? ಕಾಫಿ ತೋಟಕ್ಕೆ ಮೇಸ್ತ್ರಿ ಬೇಕು. ಕೂತಿರುವಾಗ ಆತ ಇದ್ದಷ್ಟು ಹೊತ್ತೂ ನೀವು ಉಸಿರಿನ ಜೊತೆ ಇರುವುದಿಲ್ಲ, ಉಸಿರಿನ ಬಗ್ಗೆ ಬರುವ ವರದಿಯ ಜೊತೆ ಇರುತ್ತೀರಿ.

ಗೀತೆಯ ನಿಷ್ಕಾಮ ಕರ್ಮವೂ ಇದೇ ತಾನೇ?

ಹತ್ತಿರ ಬರುತ್ತದೆ, ಪೂರ್ತಿ ಒಂದೇ ಅಲ್ಲ. "ಕರ್ಮಣ್ಯೇವಾಧಿಕಾರಸ್ತೇ" ಎಂಬಲ್ಲಿ ಫಲ ಅಂತ ಒಂದಿದೆ, ಅದರ ಮೇಲಿನ ಹಕ್ಕನ್ನು ಬಿಡಬೇಕು, ಮುಂದೆ ಅದನ್ನು ಈಶ್ವರನಿಗೆ ಒಪ್ಪಿಸುವ ದಾರಿಯೂ ಇದೆ. ದೋಗೆನ್ ಅವರ ಮಾತಿನಲ್ಲಿ ಬೀಜ ಇಲ್ಲಿ, ಫಲ ಅಲ್ಲಿ ಎಂಬ ಅಂತರವೇ ಇಲ್ಲ. ಹೋಲಿಕೆ ಬೇಕೇಬೇಕು ಅಂದರೆ "ಕಾಯಕವೇ ಕೈಲಾಸ" ಇನ್ನೂ ಹತ್ತಿರ. ಕಾಯಕ ಮಾಡಿದರೆ ಕೈಲಾಸ ಸಿಗುತ್ತದೆ ಎಂದು ಶರಣರು ಹೇಳಲಿಲ್ಲವಲ್ಲ.

ಹಾಗಾದರೆ ಝೆನ್‌ನ ಇನ್ನೊಂದು ಪಂಥ ರಿಂಝಾಯ್‌ನಲ್ಲಿ ಕೋಆನ್ (ಗುರು ಕೊಡುವ, ತರ್ಕಕ್ಕೆ ಸಿಗದ ಪ್ರಶ್ನೆ) ಬಿಡಿಸಬೇಕು, ಕೆನ್ಶೊ (ತನ್ನ ನಿಜಸ್ವಭಾವದ ದರ್ಶನ) ಆಗಬೇಕು ಅನ್ನುತ್ತಾರಲ್ಲ?

ನಿಜ. ಇಲ್ಲಿ ಎರಡು ಪಂಥಗಳ ಒತ್ತು ಬೇರೆ ಬೇರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸೋಟೊದಲ್ಲಿ ಮುಖ್ಯವಾದದ್ದು ಶಿಕಾನ್‌ತಾಝಾ, ಅಂದರೆ ಬರೀ ಕೂರುವುದು. ರಿಂಝಾಯ್‌ನಲ್ಲಿ ಗುರು ಒಂದು ಕೋಆನ್ ಕೊಡುತ್ತಾರೆ. ನಾಯಿಗೆ ಬುದ್ಧಸ್ವಭಾವ ಇದೆಯೇ ಎಂದು ಕೇಳಿದ್ದಕ್ಕೆ ಚೀನಾದ ಗುರು ಝಾವೊಝೌ ಕೊಟ್ಟ "ಮು" (ಇಲ್ಲ) ಎಂಬ ಉತ್ತರ ಮೊದಲ ಕೋಆನ್ ಆಗಿ ಬರುವುದು ಹೆಚ್ಚು. ಶಿಷ್ಯ ಏಕಾಂತದಲ್ಲಿ ಗುರುವಿನ ಮುಂದೆ ತನ್ನ ಉತ್ತರ ಇಡುತ್ತಾನೆ. ಸರಿಯಿಲ್ಲದಿದ್ದರೆ ಗುರು ಗಂಟೆ ಅಲ್ಲಾಡಿಸುತ್ತಾರೆ, ಎದ್ದು ಹೋಗಬೇಕು. ಒಂದು ದಾಟಿದ ಮೇಲೆ ಇನ್ನೊಂದು. ಜಪಾನಿನಲ್ಲಿ ಹಕುಯಿನ್ (1686–1769) ಮತ್ತು ಅವರ ಶಿಷ್ಯಪರಂಪರೆ ಇದಕ್ಕೊಂದು ಕ್ರಮವನ್ನೇ ಕಟ್ಟಿತು. ಇದು ಹಂತವಲ್ಲ ಎಂದು ಯಾರೂ ಹೇಳಲಾರರು.

ಆದರೂ ಒಳಗೆ ಹೋಗಿ ನೋಡಿದರೆ, ಗುರಿ ಹಿಡಿದುಕೊಂಡವರಿಗೆ ಕೋಆನ್ ಬಗ್ಗುವುದಿಲ್ಲ. ಉತ್ತರ ಏನಿರಬಹುದು ಎಂದು ಯೋಚಿಸಿ ಒಯ್ದದ್ದೆಲ್ಲ ಗಂಟೆಗೆ ಬಲಿಯಾಗುತ್ತದೆ. 48 ಕೋಆನ್‌ಗಳ ಪ್ರಸಿದ್ಧ ಸಂಗ್ರಹವನ್ನು 1228ರಲ್ಲಿ ಮಾಡಿದ ವೂಮೆನ್ ಸ್ವತಃ "ಮು" ಒಂದನ್ನೇ ಆರು ವರ್ಷ ಹಿಡಿದು ಕೂತಿದ್ದರು. ಅದೇ ಸಂಗ್ರಹದಲ್ಲಿ ಯುವಕ ಝಾವೊಝೌ ತನ್ನ ಗುರು ನಾನ್‌ಚುವಾನ್ ಅವರನ್ನು ಕೇಳುತ್ತಾನೆ: ದಾರಿ ಯಾವುದು? ದಿನನಿತ್ಯದ ಮನಸ್ಸೇ ದಾರಿ. ಅದರ ಕಡೆಗೆ ಹೋಗಲೇ? ಹೋಗಲು ಹೊರಟರೆ ದೂರವಾಗುತ್ತೀಯ. ಹೊರಡದಿದ್ದರೆ ಅದು ದಾರಿ ಎಂದು ತಿಳಿಯುವುದು ಹೇಗೆ? ದಾರಿ ತಿಳಿಯುವುದಕ್ಕೂ ಸೇರಿದ್ದಲ್ಲ, ತಿಳಿಯದಿರುವುದಕ್ಕೂ ಸೇರಿದ್ದಲ್ಲ. ಗುರಿಯ ಪ್ರಶ್ನೆಗೆ ಝೆನ್ ಪರಂಪರೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಸಂಭಾಷಣೆ ಸಿಗುವುದು ಕಷ್ಟ. ಶಿಷ್ಯನ ಎರಡನೇ ಆಕ್ಷೇಪ ನಮ್ಮೆಲ್ಲರ ಆಕ್ಷೇಪವೇ.

ತೋಟದವರಿಗೆ ಇದನ್ನು ಹೀಗೆ ಹೇಳಬಹುದು. ಮರಗಸಿ, ಗೊಬ್ಬರ, ಚಿಗುರು ತೆಗೆಯುವುದು ನಮ್ಮ ಕೈಯಲ್ಲಿದೆ. ಕಾಫಿ ಹೂ ಅರಳಿಸುವ ಹೂಮಳೆ ನಮ್ಮ ಕೈಯಲ್ಲಿಲ್ಲ. ಮಳೆ ಬರಲಿ ಎಂದು ಗಿಡದ ಬುಡದಲ್ಲಿ ಎಷ್ಟು ಹೊತ್ತು ಮೋಡ ನೋಡುತ್ತ ನಿಂತರೂ ಅದು ಕೃಷಿ ಅಲ್ಲ.

ಝೆನ್‌ನಲ್ಲಿ ಎತ್ತಿನ ಹತ್ತು ಚಿತ್ರಗಳಿವೆಯಲ್ಲ, ಅವು ಮೆಟ್ಟಿಲಲ್ಲವೇ?

ಹನ್ನೆರಡನೇ ಶತಮಾನದಲ್ಲಿ ಚೀನಾದ ಗುರು ಕುವೊಆನ್ ರಚಿಸಿದ ಸರಣಿಯಲ್ಲಿ ಹುಡುಗನೊಬ್ಬ ಎತ್ತನ್ನು ಹುಡುಕುತ್ತಾನೆ, ಹೆಜ್ಜೆಗುರುತು ಕಾಣುತ್ತಾನೆ, ಎತ್ತನ್ನು ಕಾಣುತ್ತಾನೆ, ಹಿಡಿಯುತ್ತಾನೆ, ಪಳಗಿಸುತ್ತಾನೆ, ಹತ್ತಿ ಮನೆಗೆ ಬರುತ್ತಾನೆ. ಏಳನೆಯದರಲ್ಲಿ ಎತ್ತು ಮರೆತುಹೋಗುತ್ತದೆ. ಎಂಟರಲ್ಲಿ ಎತ್ತೂ ಇಲ್ಲ, ಹುಡುಗನೂ ಇಲ್ಲ, ಬರೀ ಒಂದು ವೃತ್ತ. ಒಂಬತ್ತು ಮೂಲಕ್ಕೆ ಮರಳುವುದು. ಹತ್ತರಲ್ಲಿ ಆತ ಸಂತೆಗೆ ಬರುತ್ತಾನೆ.

ಆರನೆಯ ಚಿತ್ರದವರೆಗೆ ಇದನ್ನು ಮೆಟ್ಟಿಲು ಎಂದೇ ಓದಬಹುದು. ಆಮೇಲೆ ಹತ್ತುತ್ತಿದ್ದವನೇ ಇಲ್ಲವಾಗುತ್ತಾನೆ. ಎಂಟನೆಯದೇ ಕೊನೆ ಆಗಿದ್ದರೆ ಅದನ್ನು ಶಿಖರ ಅನ್ನಬಹುದಿತ್ತು. ಮುಳ್ಳಯ್ಯನಗಿರಿಯ ತುದಿ ಮುಟ್ಟಿದವರೂ ಸಂಜೆಗೆ ಕೆಳಗಿಳಿದು ಪೇಟೆಗೆ ಬರಲೇಬೇಕಲ್ಲ. ಈ ಚಿತ್ರಗಳನ್ನು ಎದುರಿಗಿಟ್ಟುಕೊಂಡು ತಾನು ಈಗ ಮೂರರಲ್ಲಿದ್ದೇನೋ ನಾಲ್ಕರಲ್ಲಿದ್ದೇನೋ ಎಂದು ಲೆಕ್ಕ ಹಾಕುವವರು ಬಹಳ. ಒಂದೇ ಬೆಳಗಿನ ಇಪ್ಪತ್ತೈದು ನಿಮಿಷದಲ್ಲಿ ಒಂದರಿಂದ ಐದರವರೆಗೆ ನಾಲ್ಕಾರು ಸಲ ಓಡಾಡುತ್ತೀರಿ. ಅದನ್ನು ಸ್ಥಾನ ಎಂದು ಬರೆದಿಟ್ಟುಕೊಳ್ಳಬೇಡಿ.

ಶ್ರವಣಬೆಳಗೊಳದ ಬಾಹುಬಲಿ ಒಂದು ವರ್ಷ ನಿಂತದ್ದು ಗುರಿಗಾಗಿ ಅಲ್ಲವೇ?

ಜೈನ ಮಾರ್ಗ ಬೇರೆಯೇ. ಅಲ್ಲಿ ಕರ್ಮಕ್ಷಯ ಎಂಬ ಸ್ಪಷ್ಟ ಗುರಿಯಿದೆ, 14 ಗುಣಸ್ಥಾನಗಳೆಂಬ ಸ್ಪಷ್ಟ ಹಂತಗಳಿವೆ. ಅದನ್ನು ಝೆನ್ ಜೊತೆ ಕಲಸಿದರೆ ಎರಡಕ್ಕೂ ಅನ್ಯಾಯ.

ಆದರೆ ಒಂದು ಬಿಂದುವಿನಲ್ಲಿ ಆ ಪುರಾಣ ನಮಗೆ ಬೆಳಕು ಕೊಡುತ್ತದೆ. ಬಾಹುಬಲಿ ವರ್ಷವಿಡೀ ಕಾಯೋತ್ಸರ್ಗದಲ್ಲಿ, ಅಂದರೆ ದೇಹದ ಹಂಬಲ ಬಿಟ್ಟು ಅಲುಗದೆ, ನಿಂತ, ಕಾಲಿನ ಸುತ್ತ ಹುತ್ತ ಬೆಳೆಯಿತು, ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿತು, ಆದರೂ ಕೇವಲಜ್ಞಾನ (ಪೂರ್ಣ ಅರಿವು) ಆಗಲಿಲ್ಲ. ನಿಂತ ನೆಲ ಅಣ್ಣ ಭರತನದು ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಭರತ ಬಂದು ನಮಿಸಿದ ಮೇಲೆ ಅದು ಹೋಯಿತು. 981ರ ಹೊತ್ತಿಗೆ ಚಾವುಂಡರಾಯ ಮಾಡಿಸಿದ 58 ಅಡಿಯ ಮೂರ್ತಿಯಲ್ಲಿ ಆ ಬಳ್ಳಿಗಳನ್ನು ಇವತ್ತಿಗೂ ನೋಡಬಹುದು. ಎಷ್ಟು ಹೊತ್ತು ನಿಂತೆ ಎಂಬುದು ಒಳಗಿನ ಲೆಕ್ಕವನ್ನು ತಾನಾಗಿ ಚುಕ್ತಾ ಮಾಡುವುದಿಲ್ಲ.

ಸರಿ, ದಿನಾ ಕೂರುವ ಕ್ರಮ ಹೇಳಿ.

ನೆಲಕ್ಕೆ ಮೊದಲು ಒಂದು ದಪ್ಪ ಹಾಸು. ಮಲೆನಾಡಿನ ಮಳೆಗಾಲದಲ್ಲಿ ರೆಡ್‌ಆಕ್ಸೈಡ್ ನೆಲ ಬೆವರುತ್ತದೆ, ಕಂಬಳಿಯ ಕೆಳಗೆ ಚಾಪೆ ಇರಲಿ. ಅದರ ಮೇಲೆ ದಿಂಬು. ಕೂತು ಅಮುಕಿದ ಮೇಲೂ ನಾಲ್ಕೈದು ಇಂಚು ಎತ್ತರ ಉಳಿಯಬೇಕು. ಬೂರುಗದ ಹತ್ತಿ ತುಂಬಿದ ಗಟ್ಟಿ ದಿಂಬು ಸಾಕು. ತೇವಕ್ಕೆ ಹತ್ತಿ ಗಂಟುಕಟ್ಟುತ್ತದೆ, ಬಿಸಿಲು ಬಂದ ದಿನ ಒಣಗಿಸಿ ಬಡಿಯಿರಿ. ಫೋಮ್ ಬೇಡ, ಹತ್ತು ನಿಮಿಷದಲ್ಲಿ ತಗ್ಗಿ ಸೊಂಟ ಹಿಂದಕ್ಕೆ ಬೀಳುತ್ತದೆ.

ದಿಂಬಿನ ಮುಂದಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕೂರಿ. ಪೂರ್ತಿ ಹಿಂದಕ್ಕೆ ಕೂತರೆ ದಿಂಬಿನ ಅಂಚು ತೊಡೆಯ ನರ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಅರ್ಧ ಪದ್ಮಾಸನ ಆಗದಿದ್ದರೆ ಎರಡೂ ಪಾದ ನೆಲದ ಮೇಲೇ ಒಂದರ ಮುಂದೊಂದು ಇಡಿ. ಮುಖ್ಯ ಇಷ್ಟೇ: ಎರಡು ಮಂಡಿ ನೆಲ ಮುಟ್ಟಬೇಕು, ಮೂರು ಕಡೆ ಭಾರ ಹಂಚಬೇಕು. ಊಟಕ್ಕೆ ಕೂರುವ ಚಕ್ಕಳಮಕ್ಕಳದಲ್ಲಿ ಮಂಡಿ ಮೇಲೇಳುತ್ತದೆ, ಬೆನ್ನು ಬಾಗುತ್ತದೆ, ಅದು ಇಲ್ಲಿಗೆ ಆಗುವುದಿಲ್ಲ. ಮಂಡಿ ಸವೆದವರು ಕುರ್ಚಿಯ ಮುಂಭಾಗದಲ್ಲಿ ಒರಗದೆ ಕೂರಿ.

ಕಿವಿ ಭುಜದ ನೇರಕ್ಕೆ, ಮೂಗು ಹೊಕ್ಕುಳಿನ ನೇರಕ್ಕೆ, ಗಲ್ಲ ಸ್ವಲ್ಪ ಒಳಕ್ಕೆ. ನಾಲಿಗೆ ಮೇಲಿನ ಹಲ್ಲಿನ ಹಿಂದೆ. ಕಣ್ಣು ಅರೆತೆರೆದು, ಸುಮಾರು ಮೂರು ಅಡಿ ಮುಂದೆ ನೆಲಕ್ಕೆ ಬಿಡಿ. ಪೂರ್ತಿ ಮುಚ್ಚಬೇಡಿ, ಮುಚ್ಚಿದರೆ ನಿದ್ದೆ ಅಥವಾ ಕನಸು. ಬಲ ಅಂಗೈಯ ಮೇಲೆ ಎಡ ಅಂಗೈ, ಹೆಬ್ಬೆರಳ ತುದಿಗಳು ಹಗುರಾಗಿ ತಾಗಿರಲಿ. ಈ ಹೆಬ್ಬೆರಳು ಒಳ್ಳೆಯ ಸೂಚಕ. ಕೆಳಗೆ ಜೋತರೆ ತೂಕಡಿಕೆ, ಒತ್ತಿ ಮೇಲೇರಿದರೆ ಒಳಗೆ ಯಾರೋ ಗುರಿ ಹಿಡಿದು ದುಡಿಯುತ್ತಿದ್ದಾನೆ ಎಂದರ್ಥ. ಎಡಕ್ಕೂ ಬಲಕ್ಕೂ ಕೆಲವು ಸಲ ತೂಗಿ, ತೂಗು ಕಡಿಮೆ ಮಾಡುತ್ತ ನಡುವೆ ನಿಲ್ಲಿ.

ಮೊದಲ ತಿಂಗಳು 15 ನಿಮಿಷ, ಆಮೇಲೆ 25. ಎರಡು ಸಲ ಕೂರುವುದಾದರೆ ನಡುವೆ ಐದು ಹತ್ತು ನಿಮಿಷ ಕಿನ್ಹಿನ್, ಅಂದರೆ ನಿಧಾನ ನಡಿಗೆ: ಸೋಟೊ ಕ್ರಮದಲ್ಲಿ ಒಂದು ಉಸಿರಿಗೆ ಅರ್ಧ ಹೆಜ್ಜೆ. ಗಡಿಯಾರ ಕಣ್ಣಿಗೆ ಬೀಳದ ಕಡೆ ಇಡಿ. ಮುದ್ದೆ ಊಟ ಆದಮೇಲೆ ಎರಡು ಗಂಟೆ ಬಿಡಿ. ಕಾಲು ಜೋಮು ಹಿಡಿದಿದ್ದರೆ ತಟ್ಟನೆ ಏಳಬೇಡಿ, ಪಾದ ಉಳುಕುತ್ತದೆ. ಮಂಡಿಯೊಳಗೆ ಚುಚ್ಚುವ ನೋವು ಬಂದರೆ ಸಹಿಸಬೇಡಿ, ಭಂಗಿ ಬದಲಿಸಿ. ಅದನ್ನು ಸಹಿಸಿದರೆ ಸಾಧನೆ ಅನ್ನುವುದೂ ಗುರಿಯ ಚಟವೇ.

ಉಸಿರು ಎಣಿಸುವಾಗ ಹತ್ತು ಮುಟ್ಟಲು ಆಗುತ್ತಲೇ ಇಲ್ಲ.

ಹೊರಗೆ ಹೋಗುವ ಉಸಿರಿಗೆ ಒಂದೊಂದು ಎಣಿಕೆ, ಒಂದರಿಂದ ಹತ್ತು, ಮತ್ತೆ ಒಂದು. ತಪ್ಪಿದರೆ ಒಂದಕ್ಕೆ ಬನ್ನಿ. ಇಷ್ಟೇ ವಿಧಾನ. ಹತ್ತು ಇಲ್ಲಿ ಗೆರೆ ಅಲ್ಲ, ತಿರುಗುವ ಜಾಗ. ಅಭ್ಯಾಸ ನಡೆಯುವುದು ಒಂದಕ್ಕೆ ಮರಳುವ ಆ ಕ್ಷಣದಲ್ಲಿ. ಇಪ್ಪತ್ತು ಸಲ ತಪ್ಪಿ ಇಪ್ಪತ್ತು ಸಲ ಬಂದವರು ಇಪ್ಪತ್ತು ಸಲ ಎಚ್ಚರಾದರು.

ಕೆಡುವ ಬಗೆಗಳು ಕೆಲವಿವೆ. ಹನ್ನೊಂದು, ಹದಿನಾಲ್ಕು ಎಂದು ಹೋಗುತ್ತಿದ್ದರೆ ಎಣಿಕೆ ಬಾಯಿಪಾಠ ಆಗಿದೆ, ಮನಸ್ಸು ಬೇರೆಡೆ ಇದೆ. ಹತ್ತು ಸರಿಯಾಗಿ ಬಂದರೂ ಅದರ ಹಿಂದೆ ನಾಳೆಯ ಕೆಲಸ ಓಡುತ್ತಿದ್ದರೆ ಅದೂ ಹಾಗೆಯೇ. ಉಸಿರನ್ನು ಬೇಕೆಂದೇ ಉದ್ದ ಮಾಡುತ್ತಿದ್ದರೆ ಎದೆ ಬಿಗಿಯುತ್ತದೆ, ತಲೆ ಹಗುರಾಗುತ್ತದೆ. ಪ್ರಾಣಾಯಾಮ ಕಲಿತವರಲ್ಲಿ ಇದು ಹೆಚ್ಚು. ಇಲ್ಲಿ ಉಸಿರು ಬಂದ ಹಾಗೆ ಬರಲಿ, ಗಿಡ್ಡ ಇದ್ದರೆ ಗಿಡ್ಡ. ಇನ್ನೊಂದು, ತಪ್ಪಿದ್ದಕ್ಕೆ ಬೈದುಕೊಳ್ಳುವುದು. ಬೈಗುಳ ಮುಗಿಯುವ ಹೊತ್ತಿಗೆ ಮೂರು ಉಸಿರು ಹೋಗಿರುತ್ತದೆ.

ಆರು ತಿಂಗಳಾಯಿತು. ಮನಸ್ಸಿನ ಗಲಾಟೆ ಮೊದಲಿಗಿಂತ ಜಾಸ್ತಿ ಆಗಿದೆ.

ಗಲಾಟೆ ಮೊದಲೂ ಇಷ್ಟೇ ಇತ್ತು, ಈಗ ಕೇಳಿಸುತ್ತಿದೆ. ಮಿಕ್ಸಿ ನಿಂತ ಮೇಲೆ ತಾನೇ ಫ್ಯಾನಿನ ಸದ್ದು ಗೊತ್ತಾಗುವುದು. ಆದರೆ ನಿದ್ದೆ ಬರುತ್ತಿಲ್ಲ, ಹಳೆಯ ಆಘಾತಗಳು ಮೇಲೆದ್ದು ಹಗಲು ಕೆಲಸ ಮಾಡಲು ಬಿಡುತ್ತಿಲ್ಲ ಅಂದರೆ ಕೂರುವುದನ್ನು ನಿಲ್ಲಿಸಿ, ಮನೋವೈದ್ಯರನ್ನು ನೋಡಿ. ಅದು ಹಂತ, ದಾಟಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಕೂತಾಗ ಬೆಳಕು ಕಂಡಿತು, ದೇಹವೇ ಇಲ್ಲ ಅನ್ನಿಸಿತು. ಇದು ಪ್ರಗತಿ ತಾನೇ?

ಇದಕ್ಕೆ ಮಕ್ಯೊ ಎನ್ನುತ್ತಾರೆ. ಬೆಳಕು, ಸುಗಂಧ, ದೇವರ ರೂಪ, ಗೋಡೆ ಅಲುಗುವುದು, ಕೈ ಬೃಹತ್ತಾಗುವುದು, ಕಾರಣವಿಲ್ಲದ ಅಳು, ಎಲ್ಲವೂ ಇದರಲ್ಲೇ ಸೇರುತ್ತವೆ. ಕಣ್ಣು ಒಂದೇ ಕಡೆ ನಿಂತಾಗ, ನಿದ್ದೆಯ ಅಂಚಿಗೆ ಹೋದಾಗ ಮಿದುಳು ಇಂಥದ್ದನ್ನು ಹುಟ್ಟಿಸುತ್ತದೆ. ಕೆಟ್ಟದ್ದಲ್ಲ, ಹೆಗ್ಗಳಿಕೆಯೂ ಅಲ್ಲ. ಕಣ್ಣು ಸ್ವಲ್ಪ ಹೆಚ್ಚು ತೆರೆದು, ಬೆನ್ನು ನೇರ ಮಾಡಿ ಒಂದಕ್ಕೆ ಬನ್ನಿ. ನಿಜವಾದ ತೊಂದರೆ ಮರುದಿನ ಬರುತ್ತದೆ, ನಿನ್ನೆಯ ಬೆಳಕು ಇವತ್ತೂ ಬರಲಿ ಎಂದು ಕಾಯುತ್ತ ಕೂರುತ್ತೀರಿ. ಆ ಕಾಯುವಿಕೆಯಲ್ಲಿ ಎಷ್ಟೋ ಒಳ್ಳೆಯ ಅಭ್ಯಾಸಗಳು ನಿಂತುಹೋಗಿವೆ.

ಬಿಪಿ, ಕೋಪ ಕಡಿಮೆಯಾಗಲಿ ಎಂದು ಕೂತರೆ ತಪ್ಪೇ?

ತಪ್ಪಿಲ್ಲ. ಒಂಬತ್ತನೇ ಶತಮಾನದ ಚೀನಾದ ಗುರು ಝೋಂಗ್ಮಿ (780–841) ಧ್ಯಾನವನ್ನು ಐದು ಬಗೆಯಾಗಿ ವಿಂಗಡಿಸುವಾಗ ಸಾಮಾನ್ಯ ಜನರ ಧ್ಯಾನಕ್ಕೂ ಒಂದು ಜಾಗ ಕೊಟ್ಟಿದ್ದರು. ಬಂದ ಕಾರಣದಿಂದಲೇ ಬನ್ನಿ. ಬಿಪಿ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಡಬೇಡಿ.

ಡೈರಿ, ಆ್ಯಪ್ ಇಟ್ಟುಕೊಳ್ಳಬಹುದೇ? ಅಭ್ಯಾಸ ಸರಿ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ?

ತಾರೀಖು, ಎಷ್ಟು ನಿಮಿಷ, ಇಷ್ಟು ಮಾತ್ರ ಬರೆಯಿರಿ. "ಚೆನ್ನಾಗಿತ್ತು", "ಹತ್ತಕ್ಕೆ ಆರು" ಎಂದು ಬರೆಯಬೇಡಿ. ಮೊದಲನೆಯದು ಶಿಸ್ತನ್ನು ಕಾಯುತ್ತದೆ, ಎರಡನೆಯದು ಒಳಗೆ ನಿಂತು ಕೆಲಸ ನೋಡುವ ಆ ಮೇಸ್ತ್ರಿಯನ್ನು ಸಾಕುತ್ತದೆ. ಆ್ಯಪ್‌ನಲ್ಲಿ ಗಂಟೆ ಬಳಸಿ, ಎಷ್ಟು ದಿನ ಸತತ ಎಂದು ತೋರಿಸುವ ಲೆಕ್ಕ ಆಫ್ ಮಾಡಿ.

ಬದಲಾವಣೆ ಆಗುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಆಗುತ್ತದೆ, ಆದರೆ ಕೂತ ಜಾಗದಲ್ಲಿ ಅಳೆಯಲು ಸಿಗುವುದಿಲ್ಲ. ಬಾಯಿಗೆ ಬಂದ ಮಾತು ಒಂದು ಕ್ಷಣ ತಡೆಯುತ್ತದೆ. ತಪ್ಪು ಒಪ್ಪಿಕೊಳ್ಳಲು ಮೊದಲು ಮೂರು ದಿನ ಬೇಕಿತ್ತು, ಈಗ ಸಂಜೆಯೊಳಗೆ ಆಗುತ್ತದೆ. ಇವನ್ನು ನಿಮಗಿಂತ ಮೊದಲು ಮನೆಯವರು ಗಮನಿಸುತ್ತಾರೆ. ಕೂರಲು ಶುರುಮಾಡಿದ ಮೇಲೆ ಮನೆಯವರ ಮೇಲೆ ಅಸಹನೆ ಹೆಚ್ಚಿದ್ದರೆ, ಕೂರುವ ಹೊತ್ತಿನಲ್ಲಿ ಕುಕ್ಕರ್ ಕೂಗಿದ್ದಕ್ಕೆ ಸಿಟ್ಟು ಬರುತ್ತಿದ್ದರೆ, ಶಾಂತಿ ಎಂಬ ಫಲವನ್ನು ಕಾಯುತ್ತಿದ್ದೀರಿ. ಕುಕ್ಕರಿನ ಸದ್ದೂ ಆ ಕೂರುವಿಕೆಯ ಒಳಗೇ ಇದೆ.

ಗುರು ಬೇಕೇ? ಹತ್ತಿರ ಎಲ್ಲಿದ್ದಾರೆ?

ಬರೀ ಕೂರುವುದಕ್ಕೆ ತಕ್ಷಣ ಬೇಕಿಲ್ಲ. ಕೋಆನ್‌ಗೆ ಬೇಕೇಬೇಕು, ಒಬ್ಬರೇ ಹಿಡಿದರೆ ಅದು ಒಗಟಾಗಿಬಿಡುತ್ತದೆ. ದಕ್ಷಿಣ ಭಾರತದಲ್ಲಿ ಝೆನ್ ಕೇಂದ್ರ ಎಂದರೆ ಕೊಡೈಕೆನಾಲ್ ಹತ್ತಿರ ಪೆರುಮಾಳ್‌ಮಲೆಯ ಬೋಧಿ ಝೆಂಡೊ, 1996ರಲ್ಲಿ ಶುರುವಾದದ್ದು. ಬೈಲಕುಪ್ಪೆ ನಮಗೆ ಹತ್ತಿರವೇ, ಆದರೆ ಅಲ್ಲಿರುವುದು ಟಿಬೆಟನ್ ಪರಂಪರೆ. ಹತ್ತು ದಿನದ ವಿಪಶ್ಯನ ಶಿಬಿರವೂ ಝೆನ್ ಅಲ್ಲ. ಎರಡೂ ಒಳ್ಳೆಯವು, ಆದರೆ ವಿಧಾನಗಳನ್ನು ಒಂದೇ ಬೆಳಗಿನಲ್ಲಿ ಬೆರೆಸಬೇಡಿ.

ಕೊಯ್ಲಿನ ಕಾಲದಲ್ಲಿ ಎರಡು ತಿಂಗಳು ಬಿಟ್ಟುಹೋಯಿತು. ಮತ್ತೆ ಮೊದಲಿನಿಂದ ಶುರುಮಾಡಬೇಕೇ?

ಹೌದು, ಯಾವತ್ತೂ ಹಾಗೆಯೇ. 15 ನಿಮಿಷಕ್ಕೆ ಇಳಿಸಿ, ಎಣಿಕೆಯಿಂದ ಶುರುಮಾಡಿ, ಮೂರು ವಾರ ಆದಮೇಲೆ 25ಕ್ಕೆ ಬನ್ನಿ. ಬಿಟ್ಟ ದಿನಗಳ ಬಾಕಿ ತೀರಿಸಲು ಭಾನುವಾರ ಒಂದೂವರೆ ಗಂಟೆ ಕೂರಬೇಡಿ, ಮಂಡಿ ಹಿಡಿದುಕೊಂಡು ಸೋಮವಾರ ಮತ್ತೆ ಬಿಟ್ಟುಹೋಗುತ್ತದೆ. ಮುಂದಿನ ವರ್ಷ ಡಿಸೆಂಬರಿನಲ್ಲಿ ಆಳುಗಳು ಬರುವ ಮೊದಲು ಹತ್ತೇ ನಿಮಿಷ ಕೂರುವ ಹಾಗೆ ಈಗಲೇ ಜಾಗ ಮಾಡಿಟ್ಟುಕೊಳ್ಳಿ. ಚಳಿ ಇರುತ್ತದೆ, ಶಾಲು ಹೊದ್ದುಕೊಳ್ಳಿ, ಕಿವಿ ಮುಚ್ಚದಂತೆ.